ನಮ್ಮ ಶಾಲೆಯ ಪುಟ, ನಮ್ಮ ಕೈಯಲ್ಲಿ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಇಂದು ನಾನು ಮಾತನಾಡಬೇಕಾದ ವಿಷಯ ಜಾಲತಾಣ. ಅದರಲ್ಲೂ, ಕಂಪ್ಯೂಟರ್ ಓದದವರೂ ನಡೆಸಬಹುದಾದ ಜಾಲತಾಣ. "ಇದು ನಮಗೇಕೆ ಮಾಷ್ಟ್ರೇ, ಅದೆಲ್ಲ ಬೆಂಗಳೂರಿನ ಇಂಜಿನಿಯರುಗಳ ಕೆಲಸವಲ್ಲವೇ?" ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅದು ಇಂಜಿನಿಯರುಗಳ ಕೈಯಿಂದ ಸಾಮಾನ್ಯರ ಕೈಗೆ ಬಂದು ಬಹಳ ವರ್ಷಗಳಾದವು. ನಮ್ಮ ಕನ್ನಡ ಶಾಲೆಗಳು ಮಾತ್ರ ಇನ್ನೂ ಕೈ ಚಾಚಿಲ್ಲ. ಅದನ್ನು ಹೇಳಲೆಂದೇ ನಿಂತಿದ್ದೇನೆ.

ಮೊದಲು, ಇದರಿಂದ ನಮಗೇನು ಎಂಬುದನ್ನು ನೋಡೋಣ. ಜೂನ್ ತಿಂಗಳಲ್ಲಿ ಶಾಲೆ ತೆರೆದು ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಕೆಯಾಗುತ್ತದೆ. ಆ ಲೆಕ್ಕದ ಮೇಲೆ ಡಿವಿಷನ್ ಉಳಿಯುತ್ತದೆ ಅಥವಾ ಹೋಗುತ್ತದೆ. ಅಧ್ಯಾಪಕರ ಹುದ್ದೆಯೂ ಹಾಗೆಯೇ. ಆ ದಿನಕ್ಕಿಂತ ಎಷ್ಟೋ ಮೊದಲೇ ಮಗುವನ್ನು ಎಲ್ಲಿಗೆ ಸೇರಿಸುವುದೆಂದು ತೀರ್ಮಾನವಾಗಿರುತ್ತದೆ. ಇಂದಿನ ತಾಯಂದಿರು ಆ ತೀರ್ಮಾನಕ್ಕೆ ಮೊದಲು ಫೋನಿನಲ್ಲಿ ಹುಡುಕುತ್ತಾರೆ. ಹತ್ತಿರದ ಇಂಗ್ಲಿಷ್ ಮಾಧ್ಯಮ ಶಾಲೆಯ ಪುಟ ತೆರೆದುಕೊಳ್ಳುತ್ತದೆ: ಕಟ್ಟಡ, ಬಸ್ಸು, ಫಲಿತಾಂಶ, ಚಿತ್ರಗಳು. ನಮ್ಮ ಶಾಲೆಯನ್ನು ಹುಡುಕಿದರೆ ನಕ್ಷೆಯ ಮೇಲೊಂದು ಚುಕ್ಕೆ ಸಿಗುತ್ತದೆ. ನಮ್ಮಲ್ಲಿ ಒಳ್ಳೆಯದು ನಡೆಯುತ್ತಿಲ್ಲವೆಂದಲ್ಲ. ನಡೆದುದನ್ನು ಬರೆದಿಟ್ಟವರಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ.

ನಿಮ್ಮಲ್ಲಿ ಹಿರಿಯರು ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲವನ್ನು ಕಂಡಿದ್ದೀರಿ. ಒಂದು ಆಮಂತ್ರಣ ಪತ್ರಿಕೆ ಬೇಕಾದರೂ ಪ್ರೆಸ್ಸಿಗೆ ಹೋಗಬೇಕಿತ್ತು; ಒಂದು ಅಕ್ಷರ ತಿದ್ದಬೇಕಾದರೂ ಮೊಳೆ ಜೋಡಿಸುವವನೇ ಬರಬೇಕಿತ್ತು. ಮೊದಮೊದಲಿನ ಜಾಲತಾಣಗಳೂ ಹಾಗೆಯೇ ಇದ್ದವು. ಪ್ರತಿ ಪುಟವನ್ನೂ ಸಂಕೇತಗಳಲ್ಲಿ ಬರೆಯಬೇಕು. ವಾರ್ಷಿಕೋತ್ಸವದ ದಿನಾಂಕ ಬದಲಾದರೆ ಸಂಕೇತ ಬಲ್ಲವನನ್ನೇ ಕರೆಯಬೇಕು. ಈ ತೊಂದರೆಯನ್ನು ನೀಗಿಸಿದ ತಂತ್ರಾಂಶಕ್ಕೆ ವಿಷಯ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಚಿಕ್ಕದಾಗಿ ಸಿಎಂಎಸ್ ಎನ್ನುತ್ತಾರೆ. ಬರಹವನ್ನು ಒಂದು ಕಡೆ, ಪುಟದ ಅಂದಚಂದವನ್ನು ಇನ್ನೊಂದು ಕಡೆ ಇಡುವುದು ಅದರ ಗುಟ್ಟು. ನೀವು ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗಿ, ಖಾಲಿ ಜಾಗದಲ್ಲಿ ಕನ್ನಡದಲ್ಲಿ ಬರೆದು, ಒಂದು ಚಿತ್ರ ಸೇರಿಸಿ ಗುಂಡಿ ಒತ್ತಿದರೆ ಸಾಕು. ಮೊಳೆ ಜೋಡಿಸುವ ಕೆಲಸವನ್ನು ಅದೇ ಮಾಡುತ್ತದೆ. ವಾಟ್ಸಾಪಿನಲ್ಲಿ ನಾಲ್ಕು ಸಾಲು ಬರೆಯಬಲ್ಲವರು ಇದನ್ನೂ ಕಲಿಯಬಲ್ಲರು.

ಇಂಥ ತಂತ್ರಾಂಶಗಳಲ್ಲಿ ಕೆಲವನ್ನು ಹಣ ಕೊಟ್ಟು ಕೊಳ್ಳಬೇಕು. ಇನ್ನು ಕೆಲವು ಮುಕ್ತ ತಂತ್ರಾಂಶಗಳು. ಮುಕ್ತ ಎಂದರೆ ಬರೇ ಪುಕ್ಕಟೆ ಎಂದಲ್ಲ. ನಾವು ಯಕ್ಷಗಾನದ ನಾಡಿನವರು, ಕುಂಬಳೆಯ ಪಾರ್ತಿಸುಬ್ಬನ ಊರಿನ ಸುತ್ತಿನವರು. ನಮಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಹಳೆಯ ಪ್ರಸಂಗವನ್ನು ಯಾವ ಮೇಳವೂ ಆಡಬಹುದು. ಒಂದು ಪದ್ಯ ಬಿಡಬಹುದು, ಇನ್ನೊಂದು ಸೇರಿಸಬಹುದು. ತಾಳಮದ್ದಳೆಯಲ್ಲಿ ಅರ್ಥ ಹೇಳುವುದು ಅರ್ಥಧಾರಿಯ ಸ್ವಂತದ್ದು. ಒಂದು ಮೇಳ ನಿಂತುಹೋದರೆ ಪ್ರಸಂಗವೇನೂ ಸಾಯುವುದಿಲ್ಲ. ಇನ್ನೊಂದು ಮೇಳ ಎತ್ತಿಕೊಳ್ಳುತ್ತದೆ. ಮುಕ್ತ ತಂತ್ರಾಂಶದ ಕ್ರಮವೂ ಇದೇ. ಅದನ್ನು ಯಾರೂ ಬಳಸಬಹುದು, ಒಳಗೇನಿದೆಯೆಂದು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಕೊಡಬಹುದು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಆರಂಭಿಸಿದ ಚಳವಳಿಯಿಂದ ಈ ವಿಚಾರ ಗಟ್ಟಿಯಾಯಿತು. 1989ರಲ್ಲಿ ಅದಕ್ಕೊಂದು ಪರವಾನಗಿ ಪತ್ರವೂ ಸಿದ್ಧವಾಯಿತು. ಜಿಪಿಎಲ್ ಎಂದು ಅದರ ಹೆಸರು.

ಈ ಹಕ್ಕು ಕಾಗದದ ಮೇಲಿನದಲ್ಲ ಎಂಬುದಕ್ಕೆ ಒಂದು ನಿಜವಾದ ಕಥೆ ಹೇಳುತ್ತೇನೆ. 2001ರಲ್ಲಿ ಮಿಶೆಲ್ ವಾಲ್ದ್ರಿಗಿ ಎಂಬವರು ಬಿ2 ಎಂಬ ಚಿಕ್ಕ ತಂತ್ರಾಂಶ ಬರೆದರು. ಸ್ವಲ್ಪ ಕಾಲದ ಬಳಿಕ ಅದರ ಕೆಲಸ ನಿಂತಿತು. ಅದನ್ನು ನೆಚ್ಚಿಕೊಂಡಿದ್ದವರು ನಡುನೀರಿನಲ್ಲಿ ಉಳಿದರು. ಆದರೆ ಅದು ಜಿಪಿಎಲ್ ಪರವಾನಗಿಯಲ್ಲಿತ್ತು. 2003ರಲ್ಲಿ ಅಮೆರಿಕದ ಟೆಕ್ಸಾಸಿನ ವಿದ್ಯಾರ್ಥಿ ಮ್ಯಾಟ್ ಮುಲ್ಲೆನ್‌ವೆಗ್ ಎಂಬ 19ರ ಹುಡುಗ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಇಬ್ಬರೂ ಸೇರಿ ಅದನ್ನೇ ಎತ್ತಿಕೊಂಡು ಮುಂದುವರಿಸಿದರು. ಆ ವರ್ಷದ ಮೇ 27ರಂದು ಹೊರಬಂದ ಅದರ ಹೊಸ ರೂಪಕ್ಕೆ ವರ್ಡ್‌ಪ್ರೆಸ್ ಎಂದು ಹೆಸರಿಟ್ಟರು. ಇಂದು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಅದರ ಮೇಲೆಯೇ ನಿಂತಿವೆ. ಮೂಲ ಕರ್ತೃ ಕೈಬಿಟ್ಟರೂ ಕೆಲಸ ನಿಲ್ಲಲಿಲ್ಲ. ಬೀಗ ಹಾಕಿಟ್ಟ ತಂತ್ರಾಂಶವಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಇದರ ಜೊತೆಗಾರರೂ ಇದ್ದಾರೆ. ಬೆಲ್ಜಿಯಮ್ಮಿನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡ್ರೀಸ್ ಬೈಟಾರ್ಟ್ ತನ್ನ ಹಾಸ್ಟೆಲಿನ ಗೆಳೆಯರು ಸುದ್ದಿ ಹಂಚಿಕೊಳ್ಳಲೆಂದು ಮಾಡಿಕೊಂಡದ್ದು 2001ರಲ್ಲಿ ಡ್ರೂಪಾಲ್ ಆಗಿ ಹೊರಬಂತು. ಅಮೆರಿಕದ ಅಧ್ಯಕ್ಷರ ಕಚೇರಿಯ ಜಾಲತಾಣ 2009ರಲ್ಲಿ ಡ್ರೂಪಾಲಿಗೆ, 2017ರಲ್ಲಿ ವರ್ಡ್‌ಪ್ರೆಸ್ಸಿಗೆ ಬಂತು. 2005ರಲ್ಲಿ ಮ್ಯಾಂಬೊ ಎಂಬ ತಂತ್ರಾಂಶದ ಕೆಲಸಗಾರರು ಒಡೆತನದ ಜಗಳದಲ್ಲಿ ಹೊರಬಂದು ಜೂಮ್ಲಾ ಕಟ್ಟಿದರು. ಸ್ವಾಹಿಲಿಯಲ್ಲಿ ಆ ಮಾತಿಗೆ 'ಎಲ್ಲರೂ ಒಟ್ಟಾಗಿ' ಎಂದರ್ಥ. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿಯೂ ಇದೇ ಜಾತಿಯದು.

ಮೊದಲು ಇವನ್ನೆಲ್ಲ ಬಳಸಿದವರು ತಂತ್ರಜ್ಞರೇ. ನಿಧಾನವಾಗಿ ಅಧ್ಯಾಪಕರು, ಚಿಕ್ಕ ವ್ಯಾಪಾರಿಗಳು, ದೇವಸ್ಥಾನ ಮತ್ತು ಇಗರ್ಜಿಗಳ ಸಮಿತಿಗಳು, ಊರಿನ ಗ್ರಂಥಾಲಯಗಳು, ಪತ್ರಕರ್ತರು ಬಂದರು. 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ ತನ್ನ ಬರೆಯುವ ವಿಧಾನವನ್ನೇ ಬದಲಿಸಿತು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಂತೆ ಶೀರ್ಷಿಕೆ, ಬರಹ, ಚಿತ್ರ, ಪಟ್ಟಿಗಳನ್ನು ಜೋಡಿಸುವ ಕ್ರಮ ಅದು. ಅದಕ್ಕೆ ಅಚ್ಚಿನ ಯಂತ್ರದ ಗುಟೆನ್‌ಬರ್ಗನ ಹೆಸರನ್ನೇ ಇಟ್ಟಿದ್ದಾರೆ. ಬಳಸುವವರು ಬೇರೆಯಾದಂತೆ ಕೇಳುವ ಪ್ರಶ್ನೆಯೂ ಬೇರೆಯಾಯಿತು. "ಇದನ್ನು ಹೇಗೆ ಮಾಡಿದ್ದಾರೆ?" ಎಂದು ತಂತ್ರಜ್ಞ ಕೇಳುತ್ತಿದ್ದ. "ಇದರಲ್ಲಿ ನಮ್ಮ ಮಾತನ್ನು ಹೇಗೆ ಹೇಳುವುದು?" ಎಂದು ಸಾಮಾನ್ಯರು ಕೇಳುತ್ತಾರೆ. ನಾವು ಕೇಳಬೇಕಾದದ್ದೂ ಅದೇ.

ಕನ್ನಡಕ್ಕೆ ಇದರಲ್ಲಿ ಸ್ಥಾನವಿದೆಯೇ? ಇದೆ, ಅದೂ ಬಹಳ ಹಿಂದಿನಿಂದ. ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. 2005ರಲ್ಲಿ ಹರಿ ಪ್ರಸಾದ್ ನಾಡಿಗ್ ಅವರು ಡ್ರೂಪಾಲ್ ಬಳಸಿ ಕಟ್ಟಿದ 'ಸಂಪದ'ದಲ್ಲಿ ಕಥೆ, ಕವಿತೆ, ವಿಜ್ಞಾನ, ಅಡುಗೆ ಎಲ್ಲವನ್ನೂ ಕನ್ನಡಿಗರು ಬರೆದರು. ಬರೆದವರಲ್ಲಿ ಬಹುಮಂದಿ ಒಂದು ಸಾಲು ಸಂಕೇತವನ್ನೂ ಕಲಿತವರಲ್ಲ. ಕನ್ನಡ ಲಿಪಿಯಲ್ಲಿ ಬರೆಯುವ ತುಳು ವಿಕಿಪೀಡಿಯಕ್ಕೆ 2016ರಲ್ಲಿ ಮಾನ್ಯತೆ ಸಿಕ್ಕಿತು. ಮನೆಯಲ್ಲಿ ತುಳು ಮಾತನಾಡಿ ಶಾಲೆಯಲ್ಲಿ ಕನ್ನಡ ಓದುವ ನಮ್ಮ ಮಕ್ಕಳಿಗೆ ಇದು ಚಿಕ್ಕ ಸಂಗತಿಯಲ್ಲ. ವರ್ಡ್‌ಪ್ರೆಸ್, ಮೀಡಿಯಾವಿಕಿಗಳ ಗುಂಡಿ, ಸೂಚನೆಗಳನ್ನು ಕನ್ನಡಕ್ಕೆ ತಂದವರೂ ಸ್ವಯಂಸೇವಕರೇ. ಅನುವಾದ ಎಲ್ಲಿ ಅರೆಬರೆಯಾಗಿದೆಯೋ ಅಲ್ಲಿ ಪೂರ್ಣಗೊಳಿಸುವ ಹಕ್ಕು ನಮಗೂ ಇದೆ. ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.

ಒಂದು ಕಾಲದಲ್ಲಿ ಕನ್ನಡ ಅಕ್ಷರಗಳದ್ದೇ ತೊಂದರೆಯಿತ್ತು. ಒಂದು ಕಂಪ್ಯೂಟರಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಚಿತ್ರವಿಚಿತ್ರ ಗೆರೆಗಳಾಗಿ ಕಾಣುತ್ತಿತ್ತು; ಆ ಅಕ್ಷರಶೈಲಿ ಅಲ್ಲಿಯೂ ಇರಬೇಕಿತ್ತು. ಯುನಿಕೋಡ್ ಬಳಕೆಗೆ ಬಂದ ಮೇಲೆ ಆ ಕಷ್ಟ ಕಳೆಯಿತು. ಈಗ ನಿಮ್ಮ ಫೋನಿನಲ್ಲಿ ಬರೆದ ಕನ್ನಡವನ್ನು ದುಬೈಯಲ್ಲಿರುವ ನಿಮ್ಮ ತಮ್ಮನೂ ಓದಬಹುದು, ಹುಡುಕಿದರೆ ಸಿಗುತ್ತದೆ ಕೂಡ. ಹಳೆಯ ಅಕ್ಷರಶೈಲಿಗಳಲ್ಲಿ ಬರೆದಿಟ್ಟ ಶಾಲಾ ಸ್ಮರಣ ಸಂಚಿಕೆಗಳು ಕಂಪ್ಯೂಟರಿನಲ್ಲಿದ್ದರೆ, ಅವುಗಳನ್ನು ಯುನಿಕೋಡಿಗೆ ಬದಲಿಸುವುದು ಮೊದಲ ಕೆಲಸವಾಗಬೇಕು.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಕೇರಳದ ಶಾಲೆಗಳಲ್ಲಿ ಮುಕ್ತ ತಂತ್ರಾಂಶ ಹೊಸತಲ್ಲ. ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಯಿತು. ಅದೇ ಇಂದು ಕೈಟ್ ಸಂಸ್ಥೆಯಾಗಿದೆ. ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಮಕ್ಕಳು ಕಲಿಯುವುದು ಮುಕ್ತ ತಂತ್ರಾಂಶವನ್ನೇ. ಅದೇ ಸಂಸ್ಥೆ ಮೀಡಿಯಾವಿಕಿ ಬಳಸಿ ಸ್ಕೂಲ್‌ವಿಕಿ ಎಂಬ ತಾಣ ನಡೆಸುತ್ತಿದೆ. ರಾಜ್ಯದ ಹದಿನೈದು ಸಾವಿರದಷ್ಟು ಶಾಲೆಗಳಿಗೆ ಅದರಲ್ಲಿ ಪುಟಗಳಿವೆ. ಶಾಲೆಯ ಚರಿತ್ರೆ, ಹಳೆಯ ವಿದ್ಯಾರ್ಥಿಗಳು, ಕ್ಲಬ್ಬುಗಳ ಚಟುವಟಿಕೆ, ಮಕ್ಕಳ ಬರಹ, ಎಲ್ಲವನ್ನೂ ಶಾಲೆಯವರೇ ತುಂಬುತ್ತಾರೆ. 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಕ್ಲಬ್ಬಿನ ಮಕ್ಕಳೂ ಈ ಕೆಲಸದಲ್ಲಿ ಕೈಗೂಡಿಸುತ್ತಾರೆ. ತಂತ್ರಜ್ಞರಲ್ಲದವರ ಕೈಗೆ ಈ ವಿದ್ಯೆ ಬಂದುದಕ್ಕೆ ನಮ್ಮ ಕಣ್ಣೆದುರಿಗೇ ಇರುವ ದೊಡ್ಡ ಉದಾಹರಣೆ ಇದು.

ಸ್ಕೂಲ್‌ವಿಕಿ ಮುಖ್ಯವಾಗಿ ಮಲಯಾಳದ ತಾಣ. ಅದರಲ್ಲಿ ದೂರುವಂಥದ್ದೇನಿಲ್ಲ, ಅದು ರಾಜ್ಯದ ಭಾಷೆ, ನಮ್ಮ ಮಕ್ಕಳೂ ಅದನ್ನು ಕಲಿಯಬೇಕು. ಆದರೆ ಕನ್ನಡ ಮಾಧ್ಯಮ ಶಾಲೆಯೊಂದರ ಚರಿತ್ರೆ ಅದರ ಮಕ್ಕಳಿಗೂ ಹೆತ್ತವರಿಗೂ ಅವರ ಭಾಷೆಯಲ್ಲಿಯೂ ಓದಲು ಸಿಗಬೇಡವೇ? ಮೀಡಿಯಾವಿಕಿಗೆ ಕನ್ನಡ ಹೊಸತಲ್ಲ, ಕನ್ನಡ ವಿಕಿಪೀಡಿಯ ನಡೆಯುವುದೇ ಅದರಲ್ಲಿ. ಆದ್ದರಿಂದ ತಂತ್ರಾಂಶದಿಂದಾಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕನ್ನಡ ಮಾಧ್ಯಮ ಶಾಲೆಗಳ ಪುಟದಲ್ಲಿ ಮಲಯಾಳದ ಜೊತೆಗೆ ಕನ್ನಡದ ಭಾಗವೂ ಇರಲಿ ಎಂದು ನಾವು ಬರಹದಲ್ಲಿ ಕೇಳಬೇಕು. ಕೇಳುವ ಮೊದಲು ಕನ್ನಡದ ಬರಹವನ್ನು ಸಿದ್ಧಮಾಡಿ ಕೈಯಲ್ಲಿಟ್ಟುಕೊಂಡಿರಬೇಕು. ಬರೇ ಕೈ ಬೀಸಿಕೊಂಡು ಹೋದವರ ಮನವಿ ಕಡತದಲ್ಲಿ ಮಲಗುತ್ತದೆ.

ಇಲ್ಲಿ ಹಕ್ಕಿನ ಮಾತು ಬಂತು. 1956ರ ನವೆಂಬರ್ 1ರಂದು ನಾವು ಗಡಿಯ ಈಚೆಗಾದೆವು. ಅದೇ ವರ್ಷದ 7ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಬೇಕಾದ ಸೌಲಭ್ಯ ಒದಗಿಸಲು ರಾಜ್ಯವೂ ಸ್ಥಳೀಯ ಆಡಳಿತವೂ ಯತ್ನಿಸಬೇಕೆಂದು ಅದು ಹೇಳುತ್ತದೆ. ವಿಧಿ ಇದೆ. ಆದರೆ ಯಾವ ವರ್ಷ ಯಾವ ವಿಷಯಕ್ಕೆ ಕನ್ನಡ ಬಲ್ಲ ಅಧ್ಯಾಪಕರಿರಲಿಲ್ಲ, ಯಾವ ತರಗತಿಯ ಪುಸ್ತಕ ಎಷ್ಟು ತಡವಾಗಿ ಬಂತು, ಯಾವ ಸುತ್ತೋಲೆ ಕನ್ನಡದಲ್ಲಿ ಬರಲಿಲ್ಲ ಎಂದು ಅಧಿಕಾರಿಗಳು ಕೇಳಿದರೆ ನಮ್ಮ ಬಳಿ ಇರುವುದು ನೆನಪು ಮಾತ್ರ. ನೆನಪಿಗೆ ದಿನಾಂಕವಿರುವುದಿಲ್ಲ. ದಿನಾಂಕ ಸಹಿತ, ಸುಳ್ಳಿಲ್ಲದೆ, ಬೈಗುಳವಿಲ್ಲದೆ ಬರೆದಿಟ್ಟ ಒಂದು ಪುಟ ಹತ್ತು ಭಾಷಣಗಳಿಗಿಂತ ದೊಡ್ಡದು. ಅದನ್ನು ಇಡಲು ಇಂಥ ವ್ಯವಸ್ಥೆಗಿಂತ ಅಗ್ಗದ ಕಪಾಟು ಇನ್ನೊಂದಿಲ್ಲ.

"ನಮಗೆ ವಾಟ್ಸಾಪ್ ಗುಂಪು ಇದೆಯಲ್ಲ?" ಎಂದು ನೀವು ಕೇಳಬಹುದು. ಇರಲಿ, ಅದೂ ಬೇಕು. ಆದರೆ ಅದು ಹರಿಯುವ ತೋಡು. ಬೆಳಗ್ಗೆ ಹಾಕಿದ ಸೂಚನೆ ಸಂಜೆಗೆ ಶುಭೋದಯದ ಹೂಗಳಡಿಯಲ್ಲಿ ಮುಚ್ಚಿಹೋಗಿರುತ್ತದೆ. ಗುಂಪಿನ ಹೊರಗಿರುವ ಹೆತ್ತವರಿಗೆ ಅದು ಸಿಗುವುದೇ ಇಲ್ಲ. ವಿದ್ಯಾರ್ಥಿವೇತನಕ್ಕೆ ಯಾವ ದಾಖಲೆ ಬೇಕೆಂದು ಮಲಯಾಳದ ಸುತ್ತೋಲೆಯನ್ನು ಓದಿ ಕನ್ನಡದಲ್ಲಿ ಒಮ್ಮೆ ಬರೆದು ಪುಟದಲ್ಲಿಟ್ಟರೆ ಮುಂದಿನ ವರ್ಷದವರಿಗೂ ಅದು ಉಳಿಯುತ್ತದೆ. ಬದಲಾದ ಸಾಲನ್ನು ಮಾತ್ರ ತಿದ್ದಿದರಾಯಿತು. ತೋಡಿನ ನೀರು ಬೇಸಗೆಗೆ ಸಿಗುವುದಿಲ್ಲ, ಕೆರೆಯದು ಸಿಗುತ್ತದೆ.

ಇನ್ನು ಎಚ್ಚರಿಕೆಯ ಮಾತುಗಳು. ಎಲ್ಲವೂ ಸುಲಭ, ಎಲ್ಲವೂ ಪುಕ್ಕಟೆ ಎಂದು ಹೇಳಿ ನಿಮ್ಮನ್ನು ಮರ ಹತ್ತಿಸುವುದು ನನ್ನ ಉದ್ದೇಶವಲ್ಲ.

ಒಂದು, ಖರ್ಚು. ತಂತ್ರಾಂಶಕ್ಕೆ ಹಣವಿಲ್ಲ. ಆದರೆ ಸ್ವಂತ ವಿಳಾಸಕ್ಕೂ, ಪುಟಗಳನ್ನು ಇಡುವ ಜಾಗಕ್ಕೂ ವರ್ಷ ವರ್ಷ ಬಾಡಿಗೆ ಕೊಡಬೇಕು. ಚಿಕ್ಕ ಶಾಲೆಗೆ ಅದು ವರ್ಷಕ್ಕೆ ಕೆಲವು ಸಾವಿರ ರೂಪಾಯಿಗಳೊಳಗೆ ಮುಗಿಯುತ್ತದೆ. ಅದೂ ಆಗದಿದ್ದರೆ ಸ್ಕೂಲ್‌ವಿಕಿಯಂಥ ಸಾರ್ವಜನಿಕ ತಾಣದಿಂದಲೇ ಆರಂಭಿಸಬಹುದು.

ಎರಡು, ಕೀಲಿಕೈ. ವಿಳಾಸವೂ ಪಾಸ್‌ವರ್ಡೂ ಶಾಲೆಯ ಅಥವಾ ಸಂಘದ ಹೆಸರಿನಲ್ಲಿರಬೇಕು. ನನಗೆ ತಿಳಿದ ಒಂದು ಶಾಲೆಯಲ್ಲಿ ಶತಮಾನೋತ್ಸವಕ್ಕೆಂದು ಗುತ್ತಿಗೆ ಕೊಟ್ಟು ಅಂದವಾದ ಜಾಲತಾಣ ಮಾಡಿಸಿದರು. ವಿಳಾಸ ಗುತ್ತಿಗೆದಾರರ ಹೆಸರಿನಲ್ಲಿತ್ತು. ಅವರು ಅಂಗಡಿ ಮುಚ್ಚಿದರು, ಬಾಡಿಗೆ ಕಟ್ಟುವವರಿಲ್ಲದೆ ತಾಣ ಹೋಯಿತು. ಊರೂರು ಅಲೆದು ಸಂಗ್ರಹಿಸಿದ್ದ ಹಳೆಯ ಚಿತ್ರಗಳಲ್ಲಿ ಕೆಲವಕ್ಕೆ ಬೇರೆ ಪ್ರತಿಯೂ ಇರಲಿಲ್ಲ. ಮುಕ್ತ ತಂತ್ರಾಂಶದಲ್ಲಿದ್ದರೂ, ಕೀಲಿಕೈ ಇನ್ನೊಬ್ಬರಲ್ಲಿದ್ದರೆ ಮನೆ ನಮ್ಮದಾಗುವುದಿಲ್ಲ. ಇಬ್ಬರಿಗೆ ಪಾಸ್‌ವರ್ಡ್ ತಿಳಿದಿರಲಿ, ತಿಂಗಳಿಗೊಮ್ಮೆ ಎಲ್ಲ ಬರಹದ ಪ್ರತಿ ತೆಗೆದು ಶಾಲೆಯ ಕಂಪ್ಯೂಟರಿನಲ್ಲಿಡಲಿ.

ಮೂರು, ಭದ್ರತೆ. ಬಹಳ ಮಂದಿ ಬಳಸುವ ತಂತ್ರಾಂಶದ ಮೇಲೆ ಕಳ್ಳರ ಕಣ್ಣೂ ಹೆಚ್ಚು. ಹೊಸ ಆವೃತ್ತಿ ಬಂದಾಗ ಕೂಡಲೇ ಹಾಕಿಕೊಳ್ಳಬೇಕು. ಬೇಡದ ಜೋಡಣೆಗಳನ್ನು ಸೇರಿಸಬಾರದು. ತಾಣಗಳಿಗೆ ಕನ್ನ ಬೀಳುವುದು ಹೆಚ್ಚಾಗಿ ಆ ಬಾಗಿಲಿನಿಂದಲೇ.

ನಾಲ್ಕು, ಮಕ್ಕಳು. ಮಗುವಿನ ಚಿತ್ರ, ಪೂರ್ತಿ ಹೆಸರು, ಮನೆವಿಳಾಸ ಪುಟಕ್ಕೆ ಹೋಗುವ ಮೊದಲು ನಿಮ್ಮ ಒಪ್ಪಿಗೆ ಬರಹದಲ್ಲಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರ ವಿಷಯದಲ್ಲಿ ಹೆತ್ತವರ ಒಪ್ಪಿಗೆಯನ್ನು ಮುಖ್ಯವೆಂದು ಹೇಳಿದೆ. ಬೇಡವೆಂದು ಹೇಳುವ ಅಧಿಕಾರ ನಿಮ್ಮದು. ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ಮುಕ್ತ ತಂತ್ರಾಂಶದ ಲೋಕದಲ್ಲಿ ಜಗಳವೇ ಇಲ್ಲವೆಂದೂ ತಿಳಿಯಬೇಡಿ. 2024ರಲ್ಲಿ ಮುಲ್ಲೆನ್‌ವೆಗ್ ಅವರಿಗೂ, ವರ್ಡ್‌ಪ್ರೆಸ್ ತಾಣಗಳಿಗೆ ಜಾಗ ಬಾಡಿಗೆ ಕೊಡುವ ಒಂದು ದೊಡ್ಡ ಕಂಪನಿಗೂ ವ್ಯಾಜ್ಯ ಎದ್ದು ನ್ಯಾಯಾಲಯಕ್ಕೆ ಹೋಯಿತು. ದೊಡ್ಡವರ ಜಗಳದಲ್ಲಿ ಬಡವಾಗದಿರಲು ನಮಗಿರುವ ಉಪಾಯ ಒಂದೇ: ನಮ್ಮ ಬರಹದ ಪ್ರತಿ ನಮ್ಮಲ್ಲಿರುವುದು. ಪ್ರತಿ ಇದ್ದರೆ, ಬೇಕಾದಾಗ ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಜಾಗಕ್ಕೆ ಹೋಗಬಹುದು. ಮುಕ್ತ ತಂತ್ರಾಂಶವು ಆ ದಾರಿಯನ್ನು ಮುಚ್ಚುವುದಿಲ್ಲ.

ಈ ಪತ್ರಿಕೆ ಹೊಸೂರು, ತಾಳವಾಡಿ, ನೀಲಗಿರಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ಮಡಕಶಿರಾಗಳ ಹೆತ್ತವರಿಗೂ ತಲಪುತ್ತದೆ. ನಿಮ್ಮಲ್ಲಿ ಸ್ಕೂಲ್‌ವಿಕಿ ಇಲ್ಲದಿರಬಹುದು, ರಾಜ್ಯದ ಭಾಷೆ ತಮಿಳೋ ಮರಾಠಿಯೋ ತೆಲುಗೋ ಇರಬಹುದು. ತಂತ್ರಾಂಶ ಮಾತ್ರ ಎಲ್ಲರಿಗೂ ಒಂದೇ. ಒಂದು ಶಾಲೆಯವರು ಮಾಡಿದ ಪುಟದ ಚೌಕಟ್ಟನ್ನೂ, ಪ್ರವೇಶ ಸೂಚನೆಯ ನಮೂನೆಯನ್ನೂ ಇನ್ನೊಂದು ಶಾಲೆಯವರು ಹಾಗೆಯೇ ತೆಗೆದುಕೊಳ್ಳಬಹುದು. ರಾಜ್ಯಗಳ ನಡುವೆ ಹಂಚಿಹೋದ ನಮಗೆ ಹೀಗೆ ಕೊಟ್ಟು ಕೊಳ್ಳುವ ದಾರಿಗಳು ಹೆಚ್ಚಿಲ್ಲ.

ಕೊನೆಗೆ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಪ್ರತಿ ತರಗತಿಯಿಂದ ಹೆತ್ತವರಲ್ಲಿ ಇಬ್ಬರು ಹೆಸರು ಕೊಡಬೇಕು. ಅವರಲ್ಲಿ ಒಬ್ಬರಾದರೂ ತಾಯಂದಿರಿರಲಿ. ಎರಡು ಶನಿವಾರ ಮಧ್ಯಾಹ್ನ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನಾನೂ ಲಿಟಲ್ ಕೈಟ್ಸ್ ಮಕ್ಕಳೂ ಕಲಿಸಿಕೊಡುತ್ತೇವೆ. ಮಕ್ಕಳಿಂದ ಕಲಿಯುವುದಕ್ಕೆ ಸಂಕೋಚ ಬೇಡ. ಮೊದಲಿಗೆ ಐದೇ ಪುಟ: ಶಾಲೆಯ ಚರಿತ್ರೆ, ಪ್ರವೇಶಕ್ಕೆ ಬೇಕಾದ ವಿವರ, ವಿದ್ಯಾರ್ಥಿವೇತನದ ಸೂಚನೆಗಳು ಕನ್ನಡದಲ್ಲಿ, ಮಕ್ಕಳ ಬರಹ, ಮತ್ತು ಕನ್ನಡ ಮಾಧ್ಯಮಕ್ಕೆ ಸಂಬಂಧಿಸಿದ ನಮ್ಮ ಮನವಿಗಳೂ ಅವುಗಳಿಗೆ ಬಂದ ಉತ್ತರಗಳೂ ದಿನಾಂಕ ಸಹಿತ. ಹಳೆಯ ತರಗತಿ ಚಿತ್ರಗಳು, ಕೈಬರಹದ ಪತ್ರಿಕೆಗಳು ಮನೆಯ ಅಟ್ಟದಲ್ಲಿದ್ದರೆ ತನ್ನಿ. ಪ್ರತಿ ತೆಗೆದು ಅಂದೇ ಹಿಂದಿರುಗಿಸುತ್ತೇವೆ.

ಜೂನಿನ ಆರನೇ ದಿನದ ಎಣಿಕೆ ಹೇಗೂ ಬರುತ್ತದೆ. ಅದಕ್ಕೆ ಮೊದಲು ನಮ್ಮ ಶಾಲೆಯನ್ನು ಹುಡುಕಿದ ಹೆತ್ತವರಿಗೆ ಕನ್ನಡದಲ್ಲಿ ಒಂದು ಪುಟ ಸಿಗುವಂತೆ ಮಾಡೋಣ. ಹೆಸರು ಬರೆದುಕೊಳ್ಳಲು ಪುಸ್ತಕ ಇಲ್ಲಿ ಮೇಜಿನ ಮೇಲಿದೆ.